ಅರ್ಧರ್ಧ ಕೆಲಸದಿಂದ ಪೂರ್ತಿ ಹೊಣೆಗೆ: ಆಫೀಸ್ ಅಸಿಸ್ಟಂಟ್ ಆಗಿದ್ದವರು ಮೇಲೇರುವ ಬಗೆ

ಹುಬ್ಬಳ್ಳಿಯ ಗೋಕುಲ ರೋಡಿನ ಕಾರ್ಖಾನೆ ಇರಲಿ, ಅಮರಗೋಳ ಎಪಿಎಂಸಿಯ ಅಡತಿ ಅಂಗಡಿ ಇರಲಿ, ಧಾರವಾಡದ ವಕೀಲರ ಕಚೇರಿ, ಗದಗಿನ ಪ್ರಿಂಟಿಂಗ್ ಪ್ರೆಸ್, ಬ್ಯಾಡಗಿಯ ಮೆಣಸಿನಕಾಯಿ ವ್ಯಾಪಾರಿಗಳ ಆಫೀಸು ಇರಲಿ, ಎಲ್ಲ ಕಡೆಯೂ ಒಬ್ಬರು ಇದ್ದೇ ಇರುತ್ತಾರೆ. ಫೋನ್ ಎತ್ತುವವರು ಅವರೇ, ಹಾಜರಿ ಬರೆಯುವವರು ಅವರೇ, ಬ್ಯಾಂಕಿಗೆ ಚೆಕ್ ಹಾಕುವವರೂ ಅವರೇ. ಬೆಳಿಗ್ಗೆಯಿಂದ ಸಂಜೆತನಕ ಕೈ ಬಿಡುವಿರುವುದಿಲ್ಲ. ಆದರೂ ಐದು ವರ್ಷದ ಮೇಲೆ ನೋಡಿದರೆ ಪಗಾರ ಅಷ್ಟರಲ್ಲೇ ನಿಂತಿರುತ್ತದೆ.

ದುಡಿಮೆ ಕಡಿಮೆಯಾಗಿ ಹೀಗಾಗುವುದಲ್ಲ. ಅವರ ಕೈಯಲ್ಲಿರುವುದೆಲ್ಲ ಅರ್ಧರ್ಧ ಕೆಲಸ. ಹಾಜರಿ ಇವರು ಬರೆಯುತ್ತಾರೆ, ಪಗಾರದ ಲೆಕ್ಕ ಅಕೌಂಟಂಟ್ ಹಾಕುತ್ತಾರೆ, ಸರ್ಕಾರದ ಪೋರ್ಟಲ್‌ಗೆ ಏರಿಸುವವರು ಮತ್ತೊಬ್ಬರು. ಕೊನೆಗೆ ಕೆಲಸ ಮುಗಿಸಿದವರ ಹೆಸರಷ್ಟೇ ಮಾಲಕರ ಕಿವಿಗೆ ಬೀಳುತ್ತದೆ. ಹಾಗಾಗಿ ಮೇಲೇರಬೇಕೆನ್ನುವವರು ಮೊದಲು ಮಾಡಬೇಕಾದದ್ದು ಇಷ್ಟೇ: ಯಾವುದಾದರೂ ಒಂದು ಕೆಲಸವನ್ನು ಮೊದಲಿನಿಂದ ಕೊನೆಯತನಕ ತಮ್ಮ ಕೈಗೆ ತಂದುಕೊಳ್ಳಬೇಕು. ಟೈಪಿಂಗ್, ಎಕ್ಸೆಲ್, ಇಂಗ್ಲಿಷ್ ಎಲ್ಲವನ್ನೂ ಆ ಕೆಲಸದ ಸುತ್ತಲೇ ಕಲಿಯಬೇಕು. ಹಾಗೆ ಕಲಿತದ್ದು ಮರೆಯುವುದಿಲ್ಲ.

ಯಾವ ಕೆಲಸ ಹಿಡಿಯಬೇಕು

ಮೊದಲು ಹದಿನೈದು ದಿನ ಒಂದು ಸಣ್ಣ ನೋಟ್‌ಬುಕ್ಕಿನಲ್ಲಿ ದಿನದ ಕೆಲಸವೆಲ್ಲ ಬರೆದಿಡಿ. ಯಾವ ಕೆಲಸ, ಎಷ್ಟು ಹೊತ್ತು ಹಿಡಿಯಿತು, ನಿಮ್ಮಿಂದ ಮುಂದೆ ಯಾರ ಕೈಗೆ ಹೋಯಿತು, ಇಷ್ಟಿದ್ದರೆ ಸಾಕು. ಆಮೇಲೆ ಆ ಪಟ್ಟಿಯಲ್ಲಿ ಪ್ರತಿ ತಿಂಗಳು ತಪ್ಪದೆ ಬರುವ, ಗಡುವಿನ ತಾರೀಖು ಇರುವ, ತಡವಾದರೆ ದುಡ್ಡು ಹೋಗುವ ಕೆಲಸ ಯಾವುದೆಂದು ಹುಡುಕಿ. ಮೂರೂ ಗುಣ ಇದ್ದ ಕೆಲಸಕ್ಕೆ ಮಾಲಕರ ಕಣ್ಣಲ್ಲಿ ಬೆಲೆ ಇರುತ್ತದೆ. ಟೇಬಲ್ ಎಷ್ಟು ಚೊಕ್ಕಟ ಇಟ್ಟರೂ ಆ ಬೆಲೆ ಬರುವುದಿಲ್ಲ.

ಸಾಮಾನ್ಯವಾಗಿ ಒಂದು ಸಣ್ಣ ಕಂಪನಿಯ ತಿಂಗಳು ಹೀಗೆ ನಡೆಯುತ್ತದೆ: 7ನೇ ತಾರೀಖಿಗೆ ಹಿಂದಿನ ತಿಂಗಳು ಹಿಡಿದ ಟಿಡಿಎಸ್, ಅಂದರೆ ಹಣ ಕೊಡುವಾಗಲೇ ಮುರಿದುಕೊಂಡ ಆದಾಯ ತೆರಿಗೆ, ಕಟ್ಟಬೇಕು (ಮಾರ್ಚ್ ತಿಂಗಳಿನದಕ್ಕೆ ಮಾತ್ರ ಏಪ್ರಿಲ್ 30ರತನಕ ಅವಕಾಶ), ತಿಂಗಳಿಗೊಮ್ಮೆ ಸಲ್ಲಿಸುವವರಿಗೆ 11ಕ್ಕೆ ಜಿಎಸ್‌ಟಿಆರ್-1 (ಮಾರಾಟದ ವಿವರದ ಜಿಎಸ್‌ಟಿ ರಿಟರ್ನ್), 15ಕ್ಕೆ ಪಿಎಫ್ (ಭವಿಷ್ಯ ನಿಧಿ) ಮತ್ತು ಇಎಸ್ಐ (ಕೆಲಸಗಾರರ ವಿಮೆ), 20ಕ್ಕೆ ಜಿಎಸ್‌ಟಿಆರ್-3ಬಿ (ತೆರಿಗೆ ಕಟ್ಟುವ ರಿಟರ್ನ್). ಈ ತಾರೀಖುಗಳನ್ನು ಗೋಡೆಯ ಕ್ಯಾಲೆಂಡರಿನಲ್ಲಿ ಬರೆಯುವಾಗ ಮೂರು ದಿನ ಮುಂಚಿನ ದಿನಕ್ಕೆ ಗುರುತು ಹಾಕಿ. ಗಡುವಿನ ದಿನ ಮಧ್ಯಾಹ್ನ ಪೋರ್ಟಲ್ ಸಿಕ್ಕಿಹಾಕಿಕೊಳ್ಳುವುದು, ಓಟಿಪಿ ಬರದಿರುವುದು, ಕರೆಂಟ್ ಹೋಗುವುದು ಯಾವುದೂ ಹೊಸದಲ್ಲ.

ಮೊದಲ ಸಲಕ್ಕೆ ಜಿಎಸ್‌ಟಿ ರಿಟರ್ನ್‌ಗೆ ಕೈ ಹಾಕಬೇಡಿ. ಅದು ಟ್ಯಾಕ್ಸ್ ಕನ್ಸಲ್ಟಂಟರ ಕೈಯಲ್ಲಿರುತ್ತದೆ, ಅವರಿಂದ ಬಿಡಿಸಿಕೊಳ್ಳುವುದೂ ಕಷ್ಟ. ಕೆಲಸಗಾರರು ಇಪ್ಪತ್ತಕ್ಕಿಂತ ಹೆಚ್ಚಿರುವ ಕಡೆ ಪಿಎಫ್-ಇಎಸ್ಐ ಹಿಡಿಯಿರಿ. ಮಾಲು ಹೋಗಿ ಬರುವ ಕಡೆ ಇ-ವೇ ಬಿಲ್, ಅಂದರೆ ಮಾಲು ಸಾಗಿಸಲು ಜಿಎಸ್‌ಟಿಯಲ್ಲಿ ಬೇಕಾಗುವ ಆನ್‌ಲೈನ್ ಚೀಟಿ, ಹಿಡಿಯಿರಿ.

ಪಿಎಫ್-ಇಎಸ್ಐ: ಒಂದು ಕೆಲಸವನ್ನು ಪೂರ್ತಿ ಮಾಡುವುದೆಂದರೆ ಹೀಗೆ

1ರಿಂದ 3ನೇ ತಾರೀಖಿನೊಳಗೆ ಹಾಜರಿ ಮುಚ್ಚಿ. ರಜೆ, ಓಟಿ (ಹೆಚ್ಚುವರಿ ಹೊತ್ತಿನ ದುಡಿಮೆ), ನಡುವೆ ಬಿಟ್ಟವರು, ಹೊಸಬರು ಎಲ್ಲವನ್ನೂ ಸೂಪರ್‌ವೈಸರ್ ಸಹಿ ಹಾಕಿಸಿ ಪಕ್ಕಾ ಮಾಡಿಕೊಳ್ಳಿ. ಸಹಿ ಇಲ್ಲದ ಹಾಜರಿಯ ಮೇಲೆ ಲೆಕ್ಕ ಹಾಕಿದರೆ 10ನೇ ತಾರೀಖಿಗೆ ಯಾರೋ ಒಬ್ಬರು ಬಂದು "ನನ್ನ ಎರಡು ದಿನ ಎಲ್ಲಿ ಹೋದುವ್ರಿ" ಎನ್ನುತ್ತಾರೆ, ಮತ್ತೆ ಎಲ್ಲ ತಿರುಗಿ ಹಾಕಬೇಕಾಗುತ್ತದೆ.

ಪಿಎಫ್ ಲೆಕ್ಕ ಮೂಲ ವೇತನ ಮತ್ತು ಡಿಎ (ತುಟ್ಟಿಭತ್ಯೆ) ಮೇಲೆ. ಕೆಲಸಗಾರರದು 12 ಶೇಕಡಾ, ಮಾಲಕರದು 12 ಶೇಕಡಾ. ಮಾಲಕರ ಪಾಲಿನಲ್ಲಿ 8.33 ಶೇಕಡಾ ಪಿಂಚಣಿ ಖಾತೆಗೆ, 3.67 ಶೇಕಡಾ ಪಿಎಫ್ ಖಾತೆಗೆ ಹೋಗುತ್ತದೆ. 14,000 ರೂಪಾಯಿ ವೇತನ ಎಂದಿಟ್ಟುಕೊಳ್ಳಿ: ಕೆಲಸಗಾರರಿಂದ 1,680, ಮಾಲಕರಿಂದ 1,680. ಮಾಲಕರ 1,680ರಲ್ಲಿ 1,166 ಪಿಂಚಣಿಗೆ, ಉಳಿದ 514 ಪಿಎಫ್‌ಗೆ. ಪಿಂಚಣಿಯ ಲೆಕ್ಕ 15,000ಕ್ಕೆ ನಿಲ್ಲುತ್ತದೆ, ಅಂದರೆ 1,250ಕ್ಕಿಂತ ಮೇಲೆ ಹೋಗುವುದಿಲ್ಲ.

ಇಲ್ಲಿ ಎರಡು ತಪ್ಪು ಪದೇ ಪದೇ ಆಗುತ್ತವೆ. 58 ವರ್ಷ ತುಂಬಿದವರಿಗೆ ಪಿಂಚಣಿ ಪಾಲು ಕಟ್ಟುವುದು ನಿಲ್ಲಿಸಿ, ಅದನ್ನೂ ಪಿಎಫ್‌ಗೇ ಸೇರಿಸಬೇಕು. ಬಹಳ ಕಡೆ ಹಳೆಯ ಫೈಲನ್ನೇ ಕಾಪಿ ಮಾಡುವುದರಿಂದ ಇದು ಗಮನಕ್ಕೇ ಬರುವುದಿಲ್ಲ, ಆ ಮನುಷ್ಯ ಹಣ ತೆಗೆಯಲು ಹೋದಾಗ ಅರ್ಜಿ ಸಿಕ್ಕಿಹಾಕಿಕೊಳ್ಳುತ್ತದೆ. ಇನ್ನೊಂದು, 2014ರ ಸೆಪ್ಟೆಂಬರ್ 1ರ ನಂತರ ಮೊದಲ ಬಾರಿಗೆ ಪಿಎಫ್‌ಗೆ ಸೇರಿದವರು, ಸೇರುವಾಗಲೇ 15,000ಕ್ಕಿಂತ ಹೆಚ್ಚು ವೇತನದಲ್ಲಿದ್ದರೆ, ಅವರಿಗೆ ಪಿಂಚಣಿ ಪಾಲು ಬರುವುದಿಲ್ಲ. ಈ ಎರಡಕ್ಕೂ ಒಂದೇ ಉಪಾಯ: ನಿಮ್ಮ ಶೀಟಿನಲ್ಲಿ ಹುಟ್ಟಿದ ತಾರೀಖು ಮತ್ತು ಸೇರಿದ ತಾರೀಖು ಎರಡು ಕಾಲಂ ಇಡಿ, ಪ್ರತಿ ತಿಂಗಳು ಒಮ್ಮೆ ಕಣ್ಣಾಡಿಸಿ.

ಇಎಸ್ಐ ಬೇರೆ. ಅದರಲ್ಲಿ ಕೆಲಸಗಾರರದು ವೇತನದ 0.75 ಶೇಕಡಾ, ಮಾಲಕರದು 3.25. ಮಿತಿ 21,000. ಪೈಸೆ ಬಂದರೆ ಮೇಲಿನ ರೂಪಾಯಿಗೆ ಏರಿಸಬೇಕು. 18,300ಕ್ಕೆ ಲೆಕ್ಕ ಹಾಕಿದರೆ 137.25 ಬರುತ್ತದೆ, ಹಿಡಿಯಬೇಕಾದ್ದು 138. ಮಾಲಕರದು 594.75, ಕಟ್ಟಬೇಕಾದ್ದು 595. ಎಕ್ಸೆಲ್‌ನಲ್ಲಿ ರೌಂಡ್ ಸೂತ್ರ ಬಳಸಿದರೆ 137 ಎಂದು ಬರುತ್ತದೆ, ರೌಂಡ್‌ಅಪ್ ಬಳಸಬೇಕು. ನಡುವೆ ಯಾರದಾದರೂ ಪಗಾರ 21,000 ದಾಟಿತೆಂದು ಕೂಡಲೇ ಇಎಸ್ಐ ನಿಲ್ಲಿಸಬೇಡಿ. ಏಪ್ರಿಲ್‌ನಿಂದ ಸೆಪ್ಟೆಂಬರ್ ಒಂದು ಅವಧಿ, ಅಕ್ಟೋಬರ್‌ನಿಂದ ಮಾರ್ಚ್ ಇನ್ನೊಂದು. ಯಾವ ಅವಧಿಯಲ್ಲಿ ದಾಟಿತೋ ಆ ಅವಧಿ ಮುಗಿಯುವತನಕ ಹಿಡಿಯಲೇಬೇಕು, ಅದೂ ಹೊಸ ವೇತನದ ಮೇಲೆ.

2025ರ ನವೆಂಬರ್ 21ರಂದು ಜಾರಿಗೆ ಬಂದ ಕಾರ್ಮಿಕ ಸಂಹಿತೆಗಳಲ್ಲಿ 'ವೇತನ' ಎಂಬುದರ ವ್ಯಾಖ್ಯೆ ಬದಲಾಗಿದೆ. ಭತ್ಯೆಗಳು ಒಟ್ಟಿನ ಅರ್ಧಕ್ಕಿಂತ ಹೆಚ್ಚಾದರೆ, ಹೆಚ್ಚಾದಷ್ಟನ್ನು ವೇತನಕ್ಕೇ ಸೇರಿಸಿ ಲೆಕ್ಕ ಹಿಡಿಯಬೇಕು. ನಿಮ್ಮಲ್ಲಿ ಮೂಲ ವೇತನ ತೀರ ಕಡಿಮೆ ಇಟ್ಟು ಭತ್ಯೆ ಜಾಸ್ತಿ ತೋರಿಸುವ ರೂಢಿಯಿದ್ದರೆ, ಇದನ್ನು ಮೊದಲು ಮಾಲಕರ ಗಮನಕ್ಕೆ ತರುವವರು ನೀವೇ ಆಗಿರಿ.

ಲೆಕ್ಕವಾದ ಮೇಲೆ ಇಸಿಆರ್ ಫೈಲು, ಅಂದರೆ ಪಿಎಫ್ ಪೋರ್ಟಲ್‌ಗೆ ಏರಿಸುವ ತಿಂಗಳ ಪಟ್ಟಿ. ಅದು ಬರೀ ಟೆಕ್ಸ್ಟ್ ಫೈಲು. ಒಬ್ಬೊಬ್ಬರದು ಒಂದೊಂದು ಸಾಲು, ಒಂದು ಅಂಕಿಗೂ ಇನ್ನೊಂದಕ್ಕೂ ನಡುವೆ ಹ್ಯಾಷ್, ಟಿಲ್ಡ್, ಹ್ಯಾಷ್ ಎಂಬ ಮೂರು ಚಿಹ್ನೆ. ಕೊನೆಯ ಸಾಲಿನ ಕೆಳಗೆ ಖಾಲಿ ಸಾಲು ಉಳಿಸಬೇಡಿ, ಪೋರ್ಟಲ್ ಫೈಲನ್ನೇ ತಿರಸ್ಕರಿಸಬಹುದು. ಫೈಲು ಏರಿಸಿ, ಪರಿಶೀಲಿಸಿ, ಮಂಜೂರು ಮಾಡಿದ ಮೇಲೆ ಟಿಆರ್‌ಆರ್‌ಎನ್ ಎಂಬ ಗುರುತಿನ ಸಂಖ್ಯೆ ಹುಟ್ಟುತ್ತದೆ, ಆಮೇಲೆ ಚಲನ್, ಆಮೇಲೆ ಹಣ. ಚಲನ್ ತಯಾರಾದರೆ ಕೆಲಸ ಮುಗಿಯಿತೆಂದು ಕೆಲವರು ತಿಳಿಯುತ್ತಾರೆ. ಬ್ಯಾಂಕಿನಿಂದ ಹಣ ಹೋಗಿ, ಪಾವತಿ ರಸೀದಿ ಫೈಲಿಗೆ ಬಿದ್ದಾಗಲೇ ಮುಗಿದದ್ದು. ತಡವಾದರೆ ವರ್ಷಕ್ಕೆ 12 ಶೇಕಡಾ ಬಡ್ಡಿ, ಅದರ ಮೇಲೆ ದಂಡ.

ಹೊಸಬರ ಯುಎಎನ್ (ಪಿಎಫ್ ಸದಸ್ಯರ ಖಾಯಂ ಸಂಖ್ಯೆ) ಮಾಡುವಾಗ ಹೆಸರಿನ ತಕರಾರು ಬಂದೇ ಬರುತ್ತದೆ. ನಮ್ಮ ಕಡೆ ಆಧಾರದಲ್ಲಿ ಅಡ್ಡಹೆಸರು ಇರುತ್ತದೆ, ಶಾಲೆಯ ದಾಖಲೆಯಲ್ಲಿ ಇರುವುದಿಲ್ಲ. ಬ್ಯಾಂಕಿನಲ್ಲಿ ತಂದೆಯ ಹೆಸರು ಮೊದಲು ಬಂದಿರುತ್ತದೆ. ಯುಎಎನ್‌ಗೆ ಆಧಾರ ಜೋಡಣೆ ಆಗದಿದ್ದರೆ ಇಸಿಆರ್ ಸಲ್ಲಿಸಲು ಬರುವುದಿಲ್ಲ. ಕೆಲಸಕ್ಕೆ ಸೇರಿದ ಮೊದಲ ದಿನವೇ ಆಧಾರ, ಪಾಸ್‌ಬುಕ್, ಪ್ಯಾನ್ ಮೂರನ್ನೂ ಎದುರಿಗಿಟ್ಟು ಅಕ್ಷರ ಅಕ್ಷರ ಹೋಲಿಸಿ. ತಪ್ಪಿದ್ದರೆ ನಯವಾಗಿ ಹೇಳಿ: "ಅಣ್ಣಾರ, ಆಧಾರದಾಗ ನಿಮ್ಮ ಹೆಸರು ಒಂಥರಾ ಐತ್ರಿ, ಪಾಸ್‌ಬುಕ್ಕಿನ್ಯಾಗ ಇನ್ನೊಂಥರಾ ಐತಿ. ಈಗ ಸರಿ ಮಾಡಿಸಿದ್ರ ಮುಂದ ನಿಮ್ಮ ರೊಕ್ಕಕ್ಕ ತ್ರಾಸ ಆಗೂದಿಲ್ರಿ." ಆಮೇಲೆ ಅವರು ನವನಗರದ ಪಿಎಫ್ ಕಚೇರಿಗೆ ಕೆಲಸ ಬಿಟ್ಟು ಓಡಾಡುವುದು ತಪ್ಪುತ್ತದೆ. ಇಂಥ ಕಾಳಜಿ ಶಾಪ್ ಫ್ಲೋರಿನಲ್ಲಿ ಬೇಗ ಹರಡುತ್ತದೆ. ನಿಮ್ಮ ಮೇಲಿನ ವಿಶ್ವಾಸ ಬೆಳೆಯುವುದೂ ಇಲ್ಲಿಂದಲೇ.

ಇ-ವೇ ಬಿಲ್

ಮಾಲಿನ ಮೊತ್ತ 50,000 ರೂಪಾಯಿ ದಾಟಿದರೆ ಬೇಕು. ಎ ಭಾಗದಲ್ಲಿ ಬಿಲ್ಲಿನ ವಿವರ, ಬಿ ಭಾಗದಲ್ಲಿ ಗಾಡಿ ನಂಬರು. ತಾರಿಹಾಳದಿಂದ ಹುಬ್ಬಳ್ಳಿಯೊಳಗಿನ ಟ್ರಾನ್ಸ್‌ಪೋರ್ಟ್ ಗೋಡೌನಿಗೆ ಮಾಲು ಹೋಗುವಾಗ, ಅಂದರೆ ರಾಜ್ಯದೊಳಗೆ 50 ಕಿಲೋಮೀಟರಿನೊಳಗಿದ್ದರೆ, ಬಿ ಭಾಗ ತುಂಬುವ ಅಗತ್ಯವಿಲ್ಲ. ಅಲ್ಲಿಂದ ಮುಂದಿನ ಗಾಡಿಗೆ ಟ್ರಾನ್ಸ್‌ಪೋರ್ಟಿನವರು ತುಂಬುತ್ತಾರೆ. 200 ಕಿಲೋಮೀಟರಿಗೆ ಒಂದು ದಿನದ ಲೆಕ್ಕದಲ್ಲಿ ಅವಧಿ ಸಿಗುತ್ತದೆ. ಬೆಂಗಳೂರು ಇಲ್ಲಿಂದ 400 ಕಿಲೋಮೀಟರಿಗಿಂತ ತುಸು ಹೆಚ್ಚಾಗುವುದರಿಂದ ಮೂರು ದಿನ. ತಪ್ಪಾದರೆ 24 ಗಂಟೆಯೊಳಗೆ ರದ್ದು ಮಾಡಬಹುದು, ತಿದ್ದಲು ಬರುವುದಿಲ್ಲ. ಗಾಡಿ ಕೆಟ್ಟು ಬೇರೆ ಗಾಡಿಗೆ ಮಾಲು ಹಾಕಿದರೆ ಬಿ ಭಾಗದಲ್ಲಿ ಹೊಸ ನಂಬರು ಸೇರಿಸಲೇಬೇಕು. ಅವಧಿ ಮುಗಿಯುವ 8 ಗಂಟೆ ಮುಂಚಿನಿಂದ, ಮುಗಿದು 8 ಗಂಟೆಯತನಕ ಮಾತ್ರ ವಿಸ್ತರಣೆ ಸಾಧ್ಯ. ಹಾಗಾಗಿ ದೂರದ ಗಾಡಿಗಳ ಡ್ರೈವರ್ ನಂಬರನ್ನು ಒಂದು ಶೀಟಿನಲ್ಲಿಟ್ಟು, ಅವಧಿ ಮುಗಿಯುವ ದಿನ ಬೆಳಿಗ್ಗೆ ಒಂದು ಫೋನ್ ಹಾಕಿ.

ಎಕ್ಸೆಲ್‌ನಲ್ಲಿ ಎಲ್ಲಿ ಎಡವುತ್ತೀರಿ

ಎಕ್ಸೆಲ್ ಒಂದು ಸಂಖ್ಯೆಯಲ್ಲಿ 15 ಅಂಕಿಯತನಕ ಮಾತ್ರ ನೆನಪಿಡುತ್ತದೆ. 16 ಅಂಕಿಯ ಬ್ಯಾಂಕ್ ಖಾತೆ ಸಂಖ್ಯೆ ಹೊಡೆದು ಎಂಟರ್ ಒತ್ತಿದ ಕೂಡಲೇ ಕೊನೆಯ ಅಂಕಿ ಸೊನ್ನೆಯಾಗುತ್ತದೆ. ಎಚ್ಚರಿಕೆ ಬರುವುದಿಲ್ಲ, ಕೆಂಪು ಗುರುತೂ ಇಲ್ಲ. ಕೊನೆಗೆ 7 ಇದ್ದದ್ದು 0 ಆಗಿರುತ್ತದೆ, ಪಗಾರ ವಾಪಸ್ ಬಂದಾಗಲೇ ಗೊತ್ತಾಗುವುದು. ಆಮೇಲೆ ಸೆಲ್ಲನ್ನು ಟೆಕ್ಸ್ಟ್ ಮಾಡಿದರೂ ಹೋದ ಅಂಕಿ ತಿರುಗಿ ಬರುವುದಿಲ್ಲ. 12 ಅಂಕಿಯ ಯುಎಎನ್ ಮತ್ತು ಆಧಾರದಲ್ಲಿ ಅಂಕಿ ಹೋಗುವುದಿಲ್ಲ, ಆದರೆ ನಡುವೆ 'ಇ' ಅಕ್ಷರ ಸೇರಿ ಚಿಕ್ಕದಾಗಿ ಕಾಣುತ್ತದೆ. ಖಾತೆ ಸಂಖ್ಯೆಯ ಮೊದಲಿನ ಸೊನ್ನೆಗಳೂ ಮಾಯವಾಗುತ್ತವೆ. ಉಪಾಯ: ಅಂಕಿ ಹೊಡೆಯುವ ಮುಂಚೆಯೇ ಆ ಕಾಲಂ ಪೂರ್ತಿ ಆರಿಸಿ, ಫಾರ್ಮ್ಯಾಟ್ ಸೆಲ್ಸ್‌ನಲ್ಲಿ ಟೆಕ್ಸ್ಟ್ ಮಾಡಿಡಿ.

ವಿಲುಕಪ್, ಅಂದರೆ ಒಂದು ಪಟ್ಟಿಯಿಂದ ಇನ್ನೊಂದಕ್ಕೆ ಅಂಕಿ ಹುಡುಕಿ ತರುವ ಸೂತ್ರ, ಕಲಿತವರು ಬಹಳ ಜನ ಇದ್ದಾರೆ, ಅದು ಯಾಕೆ ಕೈಕೊಡುತ್ತದೆಂದು ತಿಳಿದವರು ಕಡಿಮೆ. ನಾಲ್ಕನೆಯ ಜಾಗದಲ್ಲಿ ಫಾಲ್ಸ್ ಬರೆಯದಿದ್ದರೆ ಹತ್ತಿರದ ಬೇರೆಯವರ ಅಂಕಿ ಎತ್ತಿ ಕೊಡಬಹುದು. ಒಂದು ಕಡೆ ಸಂಖ್ಯೆ, ಇನ್ನೊಂದು ಕಡೆ ಟೆಕ್ಸ್ಟ್ ಆಗಿದ್ದರೆ ಕಣ್ಣಿಗೆ ಒಂದೇ ಕಂಡರೂ ಹೊಂದುವುದಿಲ್ಲ. ಹೆಸರಿನ ಹಿಂದೆ ಉಳಿದ ಖಾಲಿ ಜಾಗವನ್ನು ಟ್ರಿಮ್ ತೆಗೆಯುತ್ತದೆ, ಆದರೆ ಪೋರ್ಟಲ್‌ನಿಂದ ಕಾಪಿ ಮಾಡಿದ ಪಟ್ಟಿಗಳಲ್ಲಿ ಇನ್ನೊಂದು ಬಗೆಯ ಖಾಲಿ ಜಾಗ ಇರುತ್ತದೆ, ಅದರ ಸಂಕೇತ ಸಂಖ್ಯೆ 160. ಟ್ರಿಮ್ ಅದನ್ನು ಮುಟ್ಟುವುದಿಲ್ಲ. ಮೊದಲು ಸಬ್‌ಸ್ಟಿಟ್ಯೂಟ್ ಸೂತ್ರದಲ್ಲಿ ಕ್ಯಾರ್ 160 ಕೊಟ್ಟು ಅದನ್ನು ಮಾಮೂಲಿ ಖಾಲಿ ಜಾಗ ಮಾಡಿ, ಆಮೇಲೆ ಟ್ರಿಮ್ ಹಾಕಬೇಕು. ವಿಲುಕಪ್, ಸಮ್‌ಇಫ್ಸ್ (ಷರತ್ತಿಗೆ ಹೊಂದಿದ್ದನ್ನಷ್ಟೇ ಕೂಡುವ ಸೂತ್ರ), ಪಿವಟ್ ಟೇಬಲ್ (ಸಾರಾಂಶದ ಪಟ್ಟಿ), ಫಿಲ್ಟರ್ ನಾಲ್ಕು ಗಟ್ಟಿಯಾದರೆ ನಮ್ಮ ಊರಿನ ಆಫೀಸುಗಳ ಬಹುಪಾಲು ಕೆಲಸ ಆಗುತ್ತದೆ. ಮ್ಯಾಕ್ರೋಗಳಿಗೆ ಈಗಲೇ ಹೋಗಬೇಡಿ.

ಫೈಲಿನ ಹೆಸರನ್ನು ವರ್ಷ-ತಿಂಗಳು-ದಿನ ಎಂಬ ಕ್ರಮದ ತಾರೀಖಿನಿಂದ ಶುರು ಮಾಡಿ. ಫೋಲ್ಡರಿನಲ್ಲಿ ತಾವಾಗಿಯೇ ಸಾಲಾಗಿ ಕೂರುತ್ತವೆ. 'ಫೈನಲ್', 'ಹೊಸ ಫೈನಲ್' ಎಂಬ ಹೆಸರುಗಳನ್ನು ಇವತ್ತೇ ಬಿಟ್ಟುಬಿಡಿ.

ಕನ್ನಡ ಟೈಪಿಂಗ್ ಬಂದವರಿಗೆ ಇಲ್ಲಿ ಬೆಲೆಯಿದೆ

ಪಾಲಿಕೆ, ಹೆಸ್ಕಾಂ, ತಹಶೀಲ್ದಾರ್ ಕಚೇರಿ, ಎಪಿಎಂಸಿ, ಎಲ್ಲಿಗೆ ಪತ್ರ ಬರೆದರೂ ಕನ್ನಡದಲ್ಲೇ ಬರೆಯುವುದು ರೂಢಿ. ಇಂಗ್ಲಿಷ್ ಬಲ್ಲವರು ಹತ್ತು ಜನ ಸಿಗುವ ಆಫೀಸಿನಲ್ಲಿಯೂ ಒಂದು ಪುಟ ಕನ್ನಡ ತಪ್ಪಿಲ್ಲದೆ ಟೈಪ್ ಮಾಡುವವರು ಒಬ್ಬರು ಸಿಗುವುದು ಕಷ್ಟ. ನುಡಿ ತಂತ್ರಾಂಶದ ಕೀಲಿಮಣೆ ಕಲಿಯಲು ದಿನಕ್ಕೆ ಇಪ್ಪತ್ತು ನಿಮಿಷದಂತೆ ಎರಡು ತಿಂಗಳು ಸಾಕು. ಅದರ ತರ್ಕ ಸರಳ: ಅಲ್ಪಪ್ರಾಣಕ್ಕೆ ಸಣ್ಣಕ್ಷರ, ಮಹಾಪ್ರಾಣಕ್ಕೆ ಶಿಫ್ಟ್, ಒತ್ತಕ್ಷರಕ್ಕೆ ನಡುವೆ ಎಫ್. 'ಕನ್ನಡ' ಎಂದು ಬರೆಯಲು ಕೆ, ಎನ್, ಎಫ್, ಎನ್, ಡಬ್ಲ್ಯೂ, ಐದೇ ಕೀಲಿ.

ಆದರೆ ಯುನಿಕೋಡ್ ಆಯ್ಕೆಯಲ್ಲೇ ಟೈಪ್ ಮಾಡಿ. ಹಳೆಯ ಆಸ್ಕಿ ಫಾಂಟಿನಲ್ಲಿ ಬರೆದ ಪತ್ರ ನಿಮ್ಮ ಕಂಪ್ಯೂಟರಿನಲ್ಲಿ ಚೆನ್ನಾಗಿ ಕಾಣುತ್ತದೆ. ಸಾಹೇಬರು ಮೊಬೈಲಿನಲ್ಲಿ ತೆರೆದರೆ ಇಂಗ್ಲಿಷ್ ಅಕ್ಷರ, ಚಿಹ್ನೆಗಳ ರಾಶಿ ಕಾಣುತ್ತದೆ. ಹಳೆಯ ಕಡತಗಳನ್ನು ನುಡಿಯ ಪರಿವರ್ತಕದಿಂದ ಯುನಿಕೋಡ್ ಮಾಡಬಹುದು, ಆದರೆ ಪತ್ರದ ನಡುವೆ ಇಂಗ್ಲಿಷ್‌ನಲ್ಲಿದ್ದ ಗಾಡಿ ನಂಬರು, ಇಮೇಲ್ ವಿಳಾಸ, ಜಿಎಸ್‌ಟಿ ನಂಬರುಗಳೂ ಕನ್ನಡದ ಅರ್ಥವಿಲ್ಲದ ಅಕ್ಷರಗಳಾಗಿ ಬದಲಾಗುತ್ತವೆ. ಪರಿವರ್ತಿಸಿದ ಮೇಲೆ ಮೂಲದ ಪಕ್ಕದಲ್ಲಿಟ್ಟು ಅಂಥವನ್ನು ಕೈಯಿಂದ ತಿದ್ದಿ. ಅರ್ಕಾವತ್ತು ಸರಿಯಾದ ಜಾಗದಲ್ಲಿದೆಯೇ ಎಂದೂ ನೋಡಿ.

ಸರ್ಕಾರಿ ಕಚೇರಿಗೆ ಹೋಗುವ ಪತ್ರದಲ್ಲಿ ವಿಷಯ ಒಂದೇ ಸಾಲಿನಲ್ಲಿರಲಿ, ಉಲ್ಲೇಖದಲ್ಲಿ ಅವರ ಹಿಂದಿನ ಪತ್ರದ ಸಂಖ್ಯೆ ಮತ್ತು ದಿನಾಂಕ ತಪ್ಪದೆ ಇರಲಿ. ಉಲ್ಲೇಖವಿಲ್ಲದ ಪತ್ರ ಅಲ್ಲಿ ಹೊಸ ಕಡತವಾಗಿ ಹುಟ್ಟುತ್ತದೆ, ಹಳೆಯದರ ಜೊತೆ ಸೇರುವುದೇ ಇಲ್ಲ. ಎರಡು ಪ್ರತಿ ಒಯ್ದು ಒಂದರ ಮೇಲೆ ಸ್ವೀಕೃತಿ ಮೊಹರು ಹಾಕಿಸಿಕೊಳ್ಳಿ. ಸಕಾಲದಡಿ (ನಿಗದಿತ ದಿನದೊಳಗೆ ಸರ್ಕಾರಿ ಸೇವೆ ಕೊಡಿಸುವ ಕಾಯ್ದೆ) ಬರುವ ಸೇವೆಯಾದರೆ, ಅರ್ಜಿಯ ಗುರುತಾದ 15 ಅಂಕಿಯ ಜಿಎಸ್‌ಸಿ ಸಂಖ್ಯೆ ಕೇಳಿ ಪಡೆಯಿರಿ. ಅದಿದ್ದರೆ ಮುಂದೆ ಕೇಳಲು ಆಧಾರವಿರುತ್ತದೆ. ಆವಕ-ಜಾವಕ ರಿಜಿಸ್ಟರಿನಲ್ಲಿ 'ಉತ್ತರ ಬರಬೇಕಾದ ದಿನ' ಎಂಬ ಒಂದು ಕಾಲಂ ನೀವೇ ಸೇರಿಸಿ, ಪ್ರತಿ ಸೋಮವಾರ ಅದನ್ನಷ್ಟೇ ನೋಡಿ.

ಇಂಗ್ಲಿಷ್ ಮೇಲ್‌ಗೆ ಅಂಜುವ ಕಾರಣವಿಲ್ಲ. 'ಪ್ಲೀಸ್ ಡೂ ದಿ ನೀಡ್‌ಫುಲ್' ಎಂದು ಬರೆಯುವುದು ಬಿಡಿ, ಅದರಿಂದ ಎದುರಿನವರಿಗೆ ಏನು ಮಾಡಬೇಕೆಂಬುದೇ ತಿಳಿಯುವುದಿಲ್ಲ. ಏನು ಬೇಕು, ಯಾವ ಬಿಲ್ ನಂಬರು, ಯಾವ ತಾರೀಖಿನೊಳಗೆ, ಈ ಮೂರನ್ನು ಮೂರು ಸಣ್ಣ ವಾಕ್ಯದಲ್ಲಿ ಬರೆಯಿರಿ.

ಕ್ಯಾಶ್ ನಿಮ್ಮ ಕೈಯಲ್ಲಿದ್ದರೆ

ಸಣ್ಣ ಖರ್ಚಿನ ಡಬ್ಬಿಗೆ ಒಂದು ನಿಗದಿ ಮೊತ್ತ ಇಡಿಸಿಕೊಳ್ಳಿ, 5,000 ಎನ್ನಿ. ಯಾವ ಹೊತ್ತಿನಲ್ಲಿ ಎಣಿಸಿದರೂ ನಗದು ಮತ್ತು ವೋಚರ್ ಸೇರಿ 5,000 ಆಗಬೇಕು. ಒಂದೇ ದಿನ ಒಬ್ಬರಿಗೆ 10,000ಕ್ಕಿಂತ ಹೆಚ್ಚು ನಗದು ಕೊಟ್ಟರೆ ಆ ಖರ್ಚನ್ನು ಆದಾಯ ತೆರಿಗೆಯಲ್ಲಿ ಒಪ್ಪುವುದಿಲ್ಲ. ಗಾಡಿ ಬಾಡಿಗೆಯವರಿಗೆ ಈ ಮಿತಿ 35,000. ಯಾರಾದರೂ "ಇವತ್ತ ಕ್ಯಾಶ್ ಕೊಟ್ಟಬಿಡ್ರಿ" ಎಂದಾಗ ಈ ಅಂಕಿ ನೆನಪಿದ್ದರೆ, ಮಾಲಕರಿಗೆ ವರ್ಷದ ಕೊನೆಗೆ ಬರುವ ತಲೆನೋವು ನಿಮ್ಮಿಂದ ತಪ್ಪುತ್ತದೆ.

ಪಗಾರ ಕೇಳುವುದು

'ಬೆಲೆ ಏರೇದ್ರಿ, ಮನಿ ನಡಸೂದು ಕಷ್ಟ ಆಗೇದ' ಎಂದು ಕೇಳಿದರೆ ಐನೂರು ಸಿಗಬಹುದು. ಅದು ನಿಜವಾದ ಕಷ್ಟವೇ, ಆದರೆ ಹುದ್ದೆ ಬದಲಾಗುವುದಿಲ್ಲ. ಒಂದು ಪುಟದ ಟಿಪ್ಪಣಿ ಮಾಡಿ. ಆರು ತಿಂಗಳಲ್ಲಿ ಯಾವ ಕೆಲಸ ಪೂರ್ತಿ ನಿಮ್ಮ ಕೈಗೆ ಬಂತು, ಎಷ್ಟು ಚಲನ್ ಯಾವ ತಾರೀಖಿಗೆ ಹೋದವು, ಹಿಂದಿನ ವರ್ಷ ಎಷ್ಟು ಬಡ್ಡಿ-ದಂಡ ಕಟ್ಟಿದ್ದರು, ಈ ವರ್ಷ ಎಷ್ಟು, ಹೊರಗಿನ ಕನ್ಸಲ್ಟಂಟರಿಗೆ ಕೊಡುತ್ತಿದ್ದ ಫೀ ಏನಾದರೂ ಉಳಿಯಿತೇ. ಅಂಕಿಗಳಷ್ಟೇ ಇರಲಿ, ಹೊಗಳಿಕೆ ಬೇಡ. ಜನವರಿ ಕೊನೆ ಅಥವಾ ಫೆಬ್ರುವರಿಯಲ್ಲಿ ಕೊಡಿ. ಮಾರ್ಚ್‌ನಲ್ಲಿ ಲೆಕ್ಕ ಮುಚ್ಚುವ ಗದ್ದಲದಲ್ಲಿ ಯಾರ ಮಾತೂ ಯಾರಿಗೂ ಕೇಳುವುದಿಲ್ಲ, ಏಪ್ರಿಲ್‌ಗೆ ಪಗಾರ ನಿಗದಿಯಾಗಿರುತ್ತದೆ.

ಮಾತು ಹೀಗಿದ್ದರೆ ಸಾಕು: "ಸರ್, ಹತ್ತು ನಿಮಿಷ ಟೈಮ್ ಬೇಕಿತ್ರಿ. ಪಿಎಫ್-ಇಎಸ್ಐ ಕೆಲಸ ಆರು ತಿಂಗಳಿಂದ ಪೂರ್ತಿ ನಾನ ನೋಡಾಕತ್ತೇನಿ, ಒಮ್ಮೆನೂ ತಡಾ ಆಗಿಲ್ರಿ. ಮುಂದ ಪಗಾರದ ಲೆಕ್ಕಾನೂ ನನ್ನ ಕಡೆನ ಇರಲಿ ಅಂತ ಕೇಳ್ಕೊತೇನ್ರಿ. ಅದಕ್ಕ ತಕ್ಕಂಗ ಪಗಾರ ಮತ್ತ ಹುದ್ದಿ ನೀವು ವಿಚಾರ ಮಾಡ್ರಿ." ಹುದ್ದೆಯ ಹೆಸರನ್ನೂ ಕೇಳಿ. 'ಅಡ್ಮಿನ್ ಎಕ್ಸಿಕ್ಯೂಟಿವ್' ಎಂದು ಪತ್ರದಲ್ಲಿ ಬಂದರೆ, ಮುಂದೆ ಧಾರವಾಡದ ಬೇಲೂರು ಇಂಡಸ್ಟ್ರಿಯಲ್ ಏರಿಯಾದ ದೊಡ್ಡ ಕಾರ್ಖಾನೆಗೆ ಅರ್ಜಿ ಹಾಕುವಾಗ ಅದೇ ಕೆಲಸಕ್ಕೆ ಬರುತ್ತದೆ.

ಸರ್ಕಾರಿ ನೌಕರಿಯ ಕಡೆ ಮನಸ್ಸಿದ್ದರೆ ದ್ವಿತೀಯ ದರ್ಜೆ ಸಹಾಯಕ ಹುದ್ದೆಗೆ ಪಿಯುಸಿ, ಪ್ರಥಮ ದರ್ಜೆಗೆ ಪದವಿ ಬೇಕು. ಪದವಿ ಇಲ್ಲದವರು ಮೈಸೂರಿನ ಮುಕ್ತ ವಿಶ್ವವಿದ್ಯಾಲಯದಲ್ಲಿ ಬಿ.ಕಾಂ. ಸೇರಬಹುದು. ಕನ್ನಡ ಬೆರಳಚ್ಚು ಪರೀಕ್ಷೆಯ ಪ್ರಮಾಣಪತ್ರಕ್ಕೆ ಬೆಲೆಯಿದೆ. ಆದರೆ ಬರೀ 'ಎಂ.ಎಸ್. ಆಫೀಸ್ ಕೋರ್ಸ್' ಎಂಬ ಕಾಗದಕ್ಕೆ ಸಾವಿರಾರು ರೂಪಾಯಿ ಸುರಿಯಬೇಡಿ, ಸಂದರ್ಶನದಲ್ಲಿ ಶೀಟ್ ತೆರೆದು ಕೂರಿಸುತ್ತಾರೆ. ಧಾರವಾಡದ ಸಪ್ತಾಪುರದಲ್ಲಿ ಕೋಚಿಂಗ್ ಸೇರುವ ಮುಂಚೆ ಹಳೆಯ ಪ್ರಶ್ನೆಪತ್ರಿಕೆ ಮೂರನ್ನು ಮನೆಯಲ್ಲಿ ಗಡಿಯಾರ ಇಟ್ಟು ಬಿಡಿಸಿ ನೋಡಿ. ಯಾವ ವಿಷಯಕ್ಕೆ ದುಡ್ಡು ಕೊಡಬೇಕೆಂದು ಆಗ ತಿಳಿಯುತ್ತದೆ.

ರಜೆ ಹಾಕಿ ನೋಡಿ

ಹಿಡಿದ ಕೆಲಸದ ಕ್ರಮವನ್ನು ಎರಡು ಪುಟದಲ್ಲಿ ಬರೆದಿಡಿ: ಯಾವ ತಾರೀಖಿಗೆ ಏನು, ಯಾವ ಫೋಲ್ಡರು, ಓಟಿಪಿ ಯಾರ ಮೊಬೈಲಿಗೆ ಬರುತ್ತದೆ, ಯಾವ ತಪ್ಪು ಬಂದರೆ ಏನು ಮಾಡಬೇಕು. ಪಾಸ್‌ವರ್ಡ್ ಮಾತ್ರ ಅದರಲ್ಲಿ ಬೇಡ, ಅದು ಮಾಲಕರ ಬಳಿ ಇರಲಿ. 'ಎಲ್ಲ ನನ್ನ ತಲ್ಯಾಗ ಐತಿ, ನಾನಿಲ್ಲದ ನಡಿಯೂದಿಲ್ಲ' ಎಂದು ಬಿಗಿಯಾಗಿ ಹಿಡಿದುಕೊಂಡವರನ್ನು ಮೇಲಿನ ಜಾಗಕ್ಕೆ ಏರಿಸಲು ಮಾಲಕರಿಗೆ ಧೈರ್ಯ ಬರುವುದಿಲ್ಲ, ಕೆಳಗಿನ ಜಾಗ ಖಾಲಿಯಾಗುತ್ತದಲ್ಲ. ಜೊತೆಯ ಕಿರಿಯರೊಬ್ಬರಿಗೆ ಆ ಎರಡು ಪುಟ ಕೊಟ್ಟು, ಒಂದು ತಿಂಗಳು ಪಕ್ಕದಲ್ಲಿ ಕೂರಿಸಿ ಮಾಡಿಸಿ. ಮುಂದಿನ ತಿಂಗಳು 11ರಿಂದ 14ರತನಕ ರಜೆ ಹಾಕಿ. 15ನೇ ತಾರೀಖು ಬೆಳಿಗ್ಗೆ ಬಂದು ಫೈಲು ತೆರೆದಾಗ ಪಾವತಿ ರಸೀದಿ ಅಲ್ಲಿ ಇದ್ದರೆ, ಅದೇ ದಿನ ಮುಂದಿನ ಕೆಲಸ ಕೇಳಿ. ಇಲ್ಲದಿದ್ದರೆ ಸಂಜೆಯತನಕ ಹೊತ್ತಿದೆ, ಚಲನ್ ಕಟ್ಟಿ, ಅವರು ಎಲ್ಲಿ ನಿಂತರೋ ಆ ಹಂತವನ್ನು ಎರಡು ಪುಟದಲ್ಲಿ ಇನ್ನಷ್ಟು ಬಿಡಿಸಿ ಬರೆಯಿರಿ.